ನುಂಗಲು ಕಷ್ಟ ಎಂದಾಗ ಯಾವ ಪರೀಕ್ಷೆ? ಲೋಟದ ನೀರಿನಿಂದ ಎಕ್ಸ್‌ರೇ ವಿಡಿಯೋವರೆಗೆ ಒಂದು ಹೋಲಿಕೆ

ಲಕ್ವ ಹೊಡೆದು ಆಸ್ಪತ್ರೆ ಸೇರಿದವರ ಮನೆಯವರು ಮೊದಲ ದಿನವೇ ನರ್ಸ್ ಹತ್ತಿರ ಕೇಳುವ ಮಾತು ಒಂದಿದೆ: "ಬಾಯಿ ಒಣಗಿದೆ ಅಂತಾರೆ, ಎರಡು ಚಮಚ ಕಾಫಿ ಕೊಡಬಹುದಾ?" ಪ್ರೀತಿಯಿಂದ ಕೇಳುವ ಪ್ರಶ್ನೆ. ಆದರೆ ಆ ಎರಡು ಚಮಚ ಅನ್ನನಾಳಕ್ಕೆ ಇಳಿಯುತ್ತದೋ ಶ್ವಾಸನಾಳಕ್ಕೆ ಇಳಿಯುತ್ತದೋ ಅನ್ನುವುದನ್ನು ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಪರೀಕ್ಷೆಗಳಿವೆ. ಒಂದಲ್ಲ, ಆರೇಳು ಬಗೆಯವು. ಯಾವುದು ಯಾರಿಗೆ ಅನ್ನುವುದರಲ್ಲೇ ಜನ ಎಡವುತ್ತಾರೆ. ಎಂಡೋಸ್ಕೋಪಿ ಮಾಡಿಸಿ "ಎಲ್ಲ ನಾರ್ಮಲ್" ಎಂದು ಮನೆಗೆ ಬಂದವರು ಊಟದ ಹೊತ್ತಿಗೆ ಮತ್ತೆ ಕೆಮ್ಮುತ್ತಾ ಕೂರುವುದನ್ನು ನೀವೂ ನೋಡಿರಬಹುದು, ಅಲ್ವಾ?

ನಾನು ಹೇಳುವುದು ಇಷ್ಟೇ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಎಂದು ಒಂದಿಲ್ಲ. ಪ್ರತಿ ಪರೀಕ್ಷೆಯೂ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ನಿಮ್ಮ ಮನೆಯವರ ವಿಷಯದಲ್ಲಿ ಆ ಪ್ರಶ್ನೆ ಯಾವುದು ಎಂದು ಮೊದಲು ಗೊತ್ತಾದರೆ ಮುಂದಿನ ಆಯ್ಕೆ ಅರ್ಧ ಸುಲಭವಾಗುತ್ತದೆ.

ತೊಂದರೆ ಗಂಟಲಲ್ಲೋ, ಎದೆಯಲ್ಲೋ?

ನುಂಗಲು ಶುರು ಮಾಡುವಾಗಲೇ ಕಷ್ಟ, ಕುಡಿದ ಕೂಡಲೇ ಕೆಮ್ಮು, ನೀರು ಪದೇ ಪದೇ ನೆತ್ತಿಗೆ ಹತ್ತುವುದು, ಮೂಗಿನಲ್ಲಿ ವಾಪಸ್ ಬರುವುದು, ಊಟವಾದ ಮೇಲೆ ಗಂಟಲಲ್ಲಿ ನೀರು ತುಂಬಿಕೊಂಡಂತೆ ಒದ್ದೆ ಧ್ವನಿ ಬರುವುದು. ಇವೆಲ್ಲ ಬಾಯಿ ಮತ್ತು ಗಂಟಲಿನ ಕಡೆ ಬೊಟ್ಟು ಮಾಡುತ್ತವೆ. ಲಕ್ವ, ಪಾರ್ಕಿನ್ಸನ್, ತಲೆಗೆ ಪೆಟ್ಟು, ಗಂಟಲಿನ ಕ್ಯಾನ್ಸರ್ ಚಿಕಿತ್ಸೆ ಇವುಗಳ ನಂತರ ಹೆಚ್ಚಾಗಿ ಕಾಣುವುದು ಇದೇ.

ನುಂಗಿದ್ದು ಚೆನ್ನಾಗಿಯೇ ಹೋಯಿತು, ಆಮೇಲೆ ಎದೆಯ ಹತ್ತಿರ ಸಿಕ್ಕಿಕೊಂಡಿತು ಅನ್ನುವವರದ್ದು ಅನ್ನನಾಳದ ತೊಂದರೆ. ಅದರಲ್ಲೂ ಎರಡು ದಾರಿ. ಮೊದಲು ಚಪಾತಿ, ಮುದ್ದೆಯಂಥ ಗಟ್ಟಿ ಪದಾರ್ಥ ಮಾತ್ರ ನಿಲ್ಲುತ್ತಿತ್ತು, ಈಗ ಮೆತ್ತನೆ ಅನ್ನವೂ ನಿಲ್ಲುತ್ತಿದೆ, ತೂಕವೂ ಇಳಿಯುತ್ತಿದೆ ಎಂದರೆ ಒಳಗೆ ದಾರಿ ಕಿರಿದಾಗುತ್ತಿದೆ ಎಂದರ್ಥ. ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಹೇಗಿದ್ದರೂ ತಡ ಮಾಡಬೇಡಿ. ಶುರುವಿನಿಂದಲೇ ನೀರೂ ಅನ್ನವೂ ಎರಡೂ ನಿಲ್ಲುತ್ತವೆ ಎಂದರೆ ಅನ್ನನಾಳದ ಸ್ನಾಯುಗಳ ಚಲನೆಯಲ್ಲಿ ದೋಷ ಇರುವ ಸಾಧ್ಯತೆ ಹೆಚ್ಚು.

ಇಲ್ಲೊಂದು ಎಚ್ಚರಿಕೆ. ರೋಗಿ ಬೆರಳಿಟ್ಟು ತೋರಿಸುವ ಜಾಗವನ್ನು ಪೂರ್ತಿ ನಂಬಬೇಡಿ. ಅನ್ನನಾಳದ ಕೆಳಗಡೆ ತಡೆ ಇದ್ದರೂ ಎಷ್ಟೋ ಜನರಿಗೆ ಅದು ಕುತ್ತಿಗೆಯಲ್ಲಿ ಸಿಕ್ಕಂತೆ ಅನಿಸುತ್ತದೆ. ಹಾಗಾಗಿ ಗಂಟಲಿನ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅನ್ನನಾಳವನ್ನೂ ನೋಡಲೇಬೇಕು.

ಹಾಸಿಗೆ ಪಕ್ಕದ ಪರೀಕ್ಷೆ: ಎಲ್ಲರಿಗೂ ಬೇಕು, ಆದರೆ ಅಷ್ಟೇ ಸಾಲದು

ಯಾವ ಯಂತ್ರವೂ ಇಲ್ಲದೆ ಶುರುವಾಗುವುದು ಇದು. ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಬಂದು ಮೊದಲು ಮಾತನಾಡಿಸುತ್ತಾರೆ. ಯಾವ ಮಾತ್ರೆ ತಗೊಳ್ತಾರೆ, ತೂಕ ಎಷ್ಟು ಇಳಿದಿದೆ, ನ್ಯುಮೋನಿಯಾ ಬಂದಿತ್ತಾ ಎಂದು ಕೇಳುತ್ತಾರೆ. ತುಟಿ ಮುಚ್ಚುತ್ತದಾ, ನಾಲಿಗೆ ಎರಡೂ ಕಡೆ ಆಡುತ್ತದಾ, ಹಲ್ಲು ಹೇಗಿದೆ, ಬಾಯಿ ಸ್ವಚ್ಛವಾಗಿದೆಯಾ, ಕೆಮ್ಮು ಅಂದರೆ ಗಟ್ಟಿಯಾಗಿ ಕೆಮ್ಮುತ್ತಾರಾ ಎಂದು ನೋಡುತ್ತಾರೆ. ಗಂಟಲ ಮೇಲೆ ಬೆರಳಿಟ್ಟು ನುಂಗುವಾಗ ಧ್ವನಿಪೆಟ್ಟಿಗೆ ಮೇಲೆ ಏರುತ್ತದಾ ಎಂದು ಗಮನಿಸುತ್ತಾರೆ. ಆಮೇಲೆ ಒಂದು ಚಮಚ ನೀರು, ಸರಿ ಹೋದರೆ ಇನ್ನಷ್ಟು.

ಇದರ ಜೊತೆಗೆ ನಿಗದಿತ ಕ್ರಮದ ಕೆಲವು ಸಣ್ಣ ಪರೀಕ್ಷೆಗಳಿವೆ. ಹೆಚ್ಚು ಬಳಕೆಯಲ್ಲಿರುವುದು 90 ಮಿಲಿ ನೀರಿನ ಪರೀಕ್ಷೆ. ನಿಲ್ಲಿಸದೆ ಕುಡಿಯಬೇಕು. ಮಧ್ಯೆ ನಿಲ್ಲಿಸಿದರೆ, ಕೆಮ್ಮಿದರೆ, ಧ್ವನಿ ಒದ್ದೆಯಾದರೆ ಫೇಲ್. ಲಕ್ವ ಆದವರಿಗಾಗಿ 2007ರಲ್ಲಿ ಬಂದ ಗಸ್ ಎಂಬ ಪರೀಕ್ಷೆ ಇನ್ನೂ ನಾಜೂಕಿನದು. ಅದರಲ್ಲಿ ಮೊದಲು ಎಂಜಲು ನುಂಗುವುದನ್ನು ನೋಡುತ್ತಾರೆ. ಆಮೇಲೆ ಗಂಜಿಯಂಥದ್ದು, ನಂತರ ನೀರು, ಕೊನೆಗೆ ಗಟ್ಟಿ ಪದಾರ್ಥ. ಒಟ್ಟು 20 ಅಂಕ. ಎಷ್ಟೋ ಲಕ್ವ ರೋಗಿಗಳಿಗೆ ನೀರಿಗಿಂತ ಗಂಜಿಯೇ ಸುಲಭ. ಅದಕ್ಕೇ ಗಂಜಿ ಮೊದಲು.

ನೀರಿನ ಪರೀಕ್ಷೆಯ ಬಲವೂ ಮಿತಿಯೂ 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಕಾಣುತ್ತದೆ. 3000 ರೋಗಿಗಳಲ್ಲಿ ಇದನ್ನು ಮೂಗಿನಿಂದ ಗಂಟಲು ನೋಡುವ ಕ್ಯಾಮೆರಾ ಪರೀಕ್ಷೆಯ ಜೊತೆ ಹೋಲಿಸಿದ್ದರು. ಶ್ವಾಸನಾಳಕ್ಕೆ ಇಳಿಯುತ್ತಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ನೀರಿನ ಪರೀಕ್ಷೆ ಹಿಡಿಯಿತು, ಸುಮಾರು ಶೇಕಡಾ 96. ಆದರೆ ಏನೂ ಇಳಿಯದವರಲ್ಲೂ ಅರ್ಧದಷ್ಟು ಜನ ಫೇಲ್ ಆದರು! ಅಂದರೆ ಪಾಸಾದರೆ ಬಹುಮಟ್ಟಿಗೆ ಧೈರ್ಯ. ಫೇಲ್ ಆದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ, "ಬಾಯಿಗೆ ಏನೂ ಕೊಡಬೇಡಿ, ಮೂಗಿಗೆ ನಳಿಕೆ ಹಾಕಿಬಿಡಿ" ಎಂದಲ್ಲ. ನೀರಿನ ಪರೀಕ್ಷೆ ಒಂದರ ಮೇಲೆಯೇ ತಿಂಗಳುಗಟ್ಟಲೆ ನಳಿಕೆಯಲ್ಲಿ ಉಳಿಯುವುದು ಅನ್ಯಾಯ ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ಗಂಟಲಿನ ಸಂವೇದನೆ ಹೋದವರಿಗೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಸದ್ದಿಲ್ಲದೆ ಇಳಿಯುತ್ತದೆ. ಸಣ್ಣ ಗುಟುಕಿನಲ್ಲಿ ಇದು ಜಾಸ್ತಿ. ಹಾಗಾಗಿ ಮನೆಯಲ್ಲಿ ಅರ್ಧ ಚಮಚ ಕೊಟ್ಟು "ಕೆಮ್ಮಲಿಲ್ಲ, ಸರಿಯಾಗಿದೆ" ಎಂದುಕೊಳ್ಳಬೇಡಿ. ಮಂಪರಿನಲ್ಲಿರುವವರಿಗೆ, ನೆಟ್ಟಗೆ ಕೂರಲಾಗದವರಿಗೆ ಈ ಪ್ರಯೋಗ ಮಾಡಲೇಬೇಡಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡಿ ಹೇಳಬಹುದು ಎಂದು ಕೆಲವರು ನಂಬುತ್ತಾರೆ. ಅದು ನಂಬಿಕೆಗೆ ತಕ್ಕ ವಿಧಾನವಲ್ಲ. ನಾಲಿಗೆಯ ಹಿಂದೆ ಮುಟ್ಟಿ ವಾಕರಿಕೆ ಬರುತ್ತದಾ ಎಂದು ನೋಡುವುದೂ ಅಷ್ಟೇ. ಆರೋಗ್ಯವಂತರಲ್ಲೂ ಎಷ್ಟೋ ಜನರಿಗೆ ವಾಕರಿಕೆ ಬರುವುದಿಲ್ಲ, ಅವರು ಚೆನ್ನಾಗಿಯೇ ಉಣ್ಣುತ್ತಾರೆ.

ನಿಜವಾದ ಆಯ್ಕೆ ಇಲ್ಲಿದೆ: ಎಕ್ಸ್‌ರೇ ವಿಡಿಯೋ ಅಥವಾ ಮೂಗಿನ ಕ್ಯಾಮೆರಾ

ಗಂಟಲಿನ ತೊಂದರೆಗೆ ಮುಖ್ಯವಾದ ಪರೀಕ್ಷೆಗಳು ಎರಡು. ಒಂದು ವಿಡಿಯೋಫ್ಲೋರೋಸ್ಕೋಪಿ, ಅಂದರೆ ಎಕ್ಸ್‌ರೇ ವಿಡಿಯೋ. ಇನ್ನೊಂದು ಫೀಸ್ (FEES), ಅಂದರೆ ಮೂಗಿನ ಕ್ಯಾಮೆರಾ.

ವಿಡಿಯೋಫ್ಲೋರೋಸ್ಕೋಪಿಯನ್ನು ಇಂದಿನ ರೂಪಕ್ಕೆ ತಂದವರಲ್ಲಿ ಅಮೆರಿಕದ ಜೆರಿ ಲೋಗ್‌ಮನ್ ಪ್ರಮುಖರು. ಇದು ನಡೆಯುವುದು ಎಕ್ಸ್‌ರೇ ವಿಭಾಗದಲ್ಲಿ. ರೋಗಿಯನ್ನು ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸುತ್ತಾರೆ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ನೀರು, ಗಟ್ಟಿ ದ್ರವ, ಬೇರಿಯಂ ಹಚ್ಚಿದ ಬಿಸ್ಕತ್ತು ಇವನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾ ಎಕ್ಸ್‌ರೇಯಲ್ಲಿ ವಿಡಿಯೋ ತೆಗೆಯುತ್ತಾರೆ. ಗಂಟಲಿನ ಭಾಗದ ನುಂಗುವಿಕೆ ಒಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಸೆಕೆಂಡಿಗೆ 30 ಚಿತ್ರಗಳ ರೆಕಾರ್ಡಿಂಗ್ ಒಳ್ಳೆಯದು. ಕಡಿಮೆ ಚಿತ್ರಗಳಿದ್ದರೆ ಕ್ಷಣಾರ್ಧದ ಘಟನೆ ತಪ್ಪಿಹೋಗಬಹುದು.

ಇದರ ದೊಡ್ಡ ಲಾಭ ಏನೆಂದರೆ, ನುಂಗುವ ಆ ಕ್ಷಣವೇ ಕಾಣುತ್ತದೆ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುವುದರಿಂದ ಹಿಡಿದು ಅನ್ನನಾಳದ ಬಾಗಿಲು ತೆರೆಯುವವರೆಗೆ ಇಡೀ ದಾರಿ. ಗಲ್ಲ ಎದೆಗೆ ಒತ್ತಿ ನುಂಗಿದರೆ ಏನಾಗುತ್ತದೆ, ತಲೆಯನ್ನು ಬಲಹೀನ ಬದಿಗೆ ತಿರುಗಿಸಿದರೆ ಏನಾಗುತ್ತದೆ ಎಂದು ಅಲ್ಲೇ ಪ್ರಯತ್ನಿಸಿ ನೋಡಬಹುದು. ಶ್ವಾಸನಾಳಕ್ಕೆ ಸೋರುತ್ತಿದೆ ಎಂಬುದಷ್ಟೇ ಅಲ್ಲ, ಯಾಕೆ ಸೋರುತ್ತಿದೆ ಎಂಬುದು ತಿಳಿಯುತ್ತದೆ. ಮುಂದಿನ ವ್ಯಾಯಾಮಗಳೆಲ್ಲ ಆ "ಯಾಕೆ" ಮೇಲೆ ನಿಂತಿವೆ.

ಕೊರತೆಗಳೂ ಇವೆ. ವಿಕಿರಣ ಕಡಿಮೆಯೇ, ಆದರೆ ಇದೆ. ಹಾಗಾಗಿ ಪರೀಕ್ಷೆಯನ್ನು ಕೆಲವೇ ನಿಮಿಷಕ್ಕೆ ಮುಗಿಸಬೇಕು, ವಾರವಾರವೂ ಮಾಡಲಾಗದು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಐಸಿಯುನಲ್ಲಿ ಇರುವವರನ್ನು ಎಕ್ಸ್‌ರೇ ಕೋಣೆಗೆ ಸಾಗಿಸುವುದು ಕಷ್ಟ. ಬೇರಿಯಂ ರುಚಿ ಮಕ್ಕಳಿಗೆ ಹಿಡಿಸುವುದಿಲ್ಲ, ದೊಡ್ಡವರಿಗೂ ಅಷ್ಟಕ್ಕಷ್ಟೇ.

ಫೀಸ್ ಪರೀಕ್ಷೆಯನ್ನು ಸೂಸನ್ ಲ್ಯಾಂಗ್‌ಮೋರ್ ಮತ್ತು ಅವರ ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ತೆಳ್ಳನೆಯ, ಬಾಗುವ ಕ್ಯಾಮೆರಾ ಕೊಳವೆಯನ್ನು ಮೂಗಿನ ಮೂಲಕ ಗಂಟಲಿನ ಮೇಲ್ಭಾಗದವರೆಗೆ ಇಳಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕ್ಯಾಮೆರಾ ಅಲ್ಲೇ ಇರುವಾಗ ಊಟ ಮಾಡಬೇಕು. ಬೇರಿಯಂ ಬೇಡ. ಮನೆಯ ಗಂಜಿ, ಮೊಸರನ್ನ, ಇಡ್ಲಿ, ಯಾವುದರಲ್ಲಿ ತೊಂದರೆ ಇದೆಯೋ ಅದನ್ನೇ ಕೊಡಬಹುದು. ಚೆನ್ನಾಗಿ ಕಾಣಲಿ ಎಂದು ಹಸಿರು ಅಥವಾ ನೀಲಿ ಬಣ್ಣ ಬೆರೆಸುತ್ತಾರೆ.

ಹಾಸಿಗೆ ಪಕ್ಕದಲ್ಲೇ ಮಾಡಬಹುದು, ವಿಕಿರಣವಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಧ್ವನಿತಂತುಗಳ ಚಲನೆ ಕಾಣುತ್ತದೆ. ಗಂಟಲಲ್ಲಿ ಎಂಜಲು ನಿಂತಿದೆಯಾ ಅನ್ನುವುದು ಕಾಣುತ್ತದೆ. ತನ್ನ ಎಂಜಲನ್ನೇ ನುಂಗಲಾಗದೆ ಗಂಟಲಲ್ಲಿ ತುಂಬಿಕೊಂಡಿದ್ದರೆ ಊಟ ಕೊಡುವ ಮೊದಲೇ ವೈದ್ಯರಿಗೆ ಅಪಾಯದ ಅಂದಾಜು ಸಿಗುತ್ತದೆ. ಎಕ್ಸ್‌ರೇಯಲ್ಲಿ ಇದು ಕಾಣುವುದೇ ಇಲ್ಲ. ಇನ್ನೊಂದು ಲಾಭವನ್ನು ಜನ ಮರೆಯುತ್ತಾರೆ, ಅದು ಸಮಯ. ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ಬೇಗ ದಣಿಯುವ ಕಾಯಿಲೆ ಇರುವವರು ಮೊದಲ ಹತ್ತು ತುತ್ತು ಚೆನ್ನಾಗಿ ನುಂಗಿ, ಆಮೇಲೆ ಸ್ನಾಯು ದಣಿದು ಸೋಲುತ್ತಾರೆ. ಎರಡು ನಿಮಿಷದ ಎಕ್ಸ್‌ರೇಯಲ್ಲಿ ಅವರು ಪಾಸಾಗಿಬಿಡಬಹುದು. ಫೀಸ್‌ನಲ್ಲಿ ಇಡೀ ಊಟ ನೋಡಬಹುದು.

ಕೊರತೆ ಏನು? ನುಂಗುವ ಆ ಕ್ಷಣದಲ್ಲಿ ಗಂಟಲು ಕ್ಯಾಮೆರಾ ಸುತ್ತ ಮುಚ್ಚಿಕೊಂಡು ಪರದೆಯೆಲ್ಲ ಬೆಳ್ಳಗಾಗುತ್ತದೆ. ಮುಂಚೆ ಏನಾಯಿತು, ಆಮೇಲೆ ಏನು ಉಳಿಯಿತು ಎಂದು ನೋಡಿ ಮಧ್ಯದ್ದನ್ನು ಊಹಿಸಬೇಕು. ಬಾಯೊಳಗಿನ ಅಗಿತ, ಅನ್ನನಾಳ ಎರಡೂ ಕಾಣುವುದಿಲ್ಲ. ಮೂಗಿನಲ್ಲಿ ಕಿರಿಕಿರಿ, ಕಣ್ಣಲ್ಲಿ ನೀರು ಸಾಮಾನ್ಯ. ಸ್ವಲ್ಪ ಮೂಗಿನ ರಕ್ತ ಬರಬಹುದು, ಅಪರೂಪಕ್ಕೆ ತಲೆಸುತ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ತಲೆಬುರುಡೆಯ ತಳಭಾಗದಲ್ಲಿ ಇತ್ತೀಚೆಗೆ ಮುರಿತ ಆದವರಿಗೆ ಮೂಗಿನಿಂದ ಕೊಳವೆ ಹಾಕುವುದಿಲ್ಲ.

ಎರಡರಲ್ಲಿ ಯಾವುದು ಮೇಲು ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಶ್ವಾಸನಾಳಕ್ಕೆ ಇಳಿಯುವುದನ್ನು ಹಿಡಿಯುವುದರಲ್ಲಿ ಎರಡೂ ಒಳ್ಳೆಯವೇ. ನಾನಾದರೆ ಹೀಗೆ ಆರಿಸುತ್ತೇನೆ: ಯಾಕೆ ಸೋರುತ್ತಿದೆ ಎಂದು ತಿಳಿಯಬೇಕಾದರೆ, ಅನ್ನನಾಳದ ಬಾಗಿಲು ತೆರೆಯುತ್ತಿಲ್ಲ ಎಂಬ ಅನುಮಾನ ಇದ್ದರೆ ಎಕ್ಸ್‌ರೇ ವಿಡಿಯೋ. ರೋಗಿಯನ್ನು ಕದಲಿಸಲಾಗದಿದ್ದರೆ, ಧ್ವನಿ ಕೆಟ್ಟಿದ್ದರೆ, ಎಂಜಲು ನಿಲ್ಲುತ್ತಿದ್ದರೆ, ಮತ್ತೆ ಮತ್ತೆ ನೋಡಬೇಕಿದ್ದರೆ ಫೀಸ್. ಇದೆಲ್ಲಕ್ಕಿಂತ ಮುಖ್ಯವಾಗಿ, ಹತ್ತಿರದ ಆಸ್ಪತ್ರೆಯಲ್ಲಿ ಪಳಗಿದ ಕೈಯಿಂದ ಈ ವಾರವೇ ಆಗುವ ಪರೀಕ್ಷೆ, ಎರಡು ತಿಂಗಳ ನಂತರ ದೂರದ ಊರಲ್ಲಿ ಆಗುವ ಪರೀಕ್ಷೆಗಿಂತ ಮೇಲು.

ಒಂದು ಸೂಕ್ಷ್ಮ ತಿಳಿದಿರಲಿ. ಒಂದೇ ರೋಗಿ ಒಂದೇ ಗುಟುಕನ್ನು ನುಂಗುವುದನ್ನು ಎರಡೂ ವಿಧಾನದಲ್ಲಿ ಏಕಕಾಲಕ್ಕೆ ರೆಕಾರ್ಡ್ ಮಾಡಿ ನೋಡಿದ್ದಾರೆ. ಫೀಸ್ ನೋಡಿದವರು ತೊಂದರೆಯನ್ನು ಹೆಚ್ಚು ತೀವ್ರ ಎಂದು ಅಂಕ ಕೊಟ್ಟರು. ಕ್ಯಾಮೆರಾ ಅಷ್ಟು ಹತ್ತಿರದಲ್ಲಿರುತ್ತದೆ. ಹಾಗಾಗಿ ಜನವರಿಯಲ್ಲಿ ಎಕ್ಸ್‌ರೇ, ಜೂನ್‌ನಲ್ಲಿ ಫೀಸ್ ಮಾಡಿಸಿ "ಅಂಕ ಏರಿದೆ, ಕಾಯಿಲೆ ಜಾಸ್ತಿಯಾಯಿತು" ಎಂದು ಗಾಬರಿಯಾಗಬೇಡಿ. ಸುಧಾರಣೆ ಅಳೆಯಬೇಕಾದರೆ ಎರಡು ಸಲವೂ ಒಂದೇ ಪರೀಕ್ಷೆ ಇರಲಿ.

ಅನ್ನನಾಳದ ಕಡೆಯ ಪರೀಕ್ಷೆಗಳು

ಬೇರಿಯಂ ಸ್ವಾಲೋ ಎಂಬ ಹೆಸರು ಕೇಳಿ ಅದೇ ಎಕ್ಸ್‌ರೇ ವಿಡಿಯೋ ಎಂದುಕೊಳ್ಳುವವರು ಬಹಳ. ಅಲ್ಲ. ಬೇರಿಯಂ ಸ್ವಾಲೋದಲ್ಲಿ ದೊಡ್ಡ ದೊಡ್ಡ ಗುಟುಕು ಕುಡಿಸಿ ಅನ್ನನಾಳದ ಆಕಾರ ನೋಡುತ್ತಾರೆ. ಗಂಟಲಲ್ಲೇ ಸೋರುವವರಿಗೆ ಅಂಥ ಗುಟುಕು ಅಪಾಯವೂ ಹೌದು. ಚೀಟಿಯಲ್ಲಿ ಯಾವ ಹೆಸರು ಬರೆದಿದೆ ಎಂದು ನೋಡಿ, ನಿಮ್ಮ ತೊಂದರೆ ಗಂಟಲಿನದ್ದಾದರೆ ಬರೆದ ವೈದ್ಯರನ್ನೇ ಒಮ್ಮೆ ಕೇಳಿ. ಅನ್ನನಾಳದ ಕೆಳಬಾಗಿಲು ಸರಿಯಾಗಿ ತೆರೆಯದ ಅಕಲೇಸಿಯಾದಂಥ ಕಾಯಿಲೆಯಲ್ಲಿ ಮಾತ್ರ ಬೇರಿಯಂ ಸ್ವಾಲೋ ಬಹಳ ಉಪಯೋಗಿ. ಕೆಳಗೆ ಹಕ್ಕಿಯ ಕೊಕ್ಕಿನಂತೆ ಕಿರಿದಾದ ಚಿತ್ರ ಸ್ಪಷ್ಟವಾಗಿ ಬರುತ್ತದೆ.

ಗಟ್ಟಿ ಪದಾರ್ಥ ಎದೆಯಲ್ಲಿ ಸಿಕ್ಕಿಕೊಳ್ಳುವವರಿಗೆ, ತೂಕ ಇಳಿಯುವವರಿಗೆ ಮೊದಲು ಎಂಡೋಸ್ಕೋಪಿ. ಇದರಲ್ಲಿ ಅನುಮಾನವೇ ಇಲ್ಲ. ಗಡ್ಡೆ ಇದ್ದರೆ ಕಾಣುತ್ತದೆ, ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು, ಕಿರಿದಾಗಿದ್ದರೆ ಎಷ್ಟೋ ಸಲ ಅಲ್ಲೇ ಹಿಗ್ಗಿಸಬಹುದು. ಅಲರ್ಜಿ ಬಗೆಯ ಒಂದು ಉರಿಯೂತದಲ್ಲಿ ಅನ್ನನಾಳ ನೋಡಲು ಸರಿಯಾಗಿಯೇ ಕಾಣಬಹುದು, ಬಯಾಪ್ಸಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಆದರೆ ಎಂಡೋಸ್ಕೋಪ್ ಗಂಟಲನ್ನು ದಾಟಿ ಸರ್ರನೆ ಕೆಳಗಿಳಿಯುತ್ತದೆ, ರೋಗಿ ಎಷ್ಟೋ ಸಲ ಅರೆನಿದ್ದೆಯಲ್ಲಿರುತ್ತಾರೆ. ನುಂಗುವುದನ್ನು ಅದು ನೋಡುವುದೇ ಇಲ್ಲ. ಅದರ "ನಾರ್ಮಲ್" ಗಂಟಲಿಗೆ ಅನ್ವಯಿಸುವುದಿಲ್ಲ.

ಎಂಡೋಸ್ಕೋಪಿಯಲ್ಲಿ ತಡೆ ಸಿಗದಿದ್ದರೆ ಮ್ಯಾನೊಮೆಟ್ರಿ. ಒತ್ತಡ ಅಳೆಯುವ ಸೆನ್ಸರ್‌ಗಳಿರುವ ತೆಳ್ಳನೆ ನಳಿಕೆಯನ್ನು ಮೂಗಿನಿಂದ ಹೊಟ್ಟೆಯವರೆಗೆ ಇಳಿಸಿ, ಸ್ವಲ್ಪ ಸ್ವಲ್ಪ ನೀರು ನುಂಗಿಸಿ ಸ್ನಾಯುಗಳ ಬಲ ಅಳೆಯುತ್ತಾರೆ. ಹಿತವಾದ ಪರೀಕ್ಷೆಯಲ್ಲ. ಆದರೂ ಚಲನೆಯ ದೋಷ ಹೇಳುವುದರಲ್ಲಿ ಇದಕ್ಕೆ ಸಾಟಿ ಇಲ್ಲ.

ಯಾರಿಗೆ ಯಾವುದು

ಲಕ್ವ ಆದವರಿಗೆ: ನುಂಗುವ ತಪಾಸಣೆ ಆಗುವವರೆಗೆ ಊಟ, ನೀರು, ಮಾತ್ರೆ ಯಾವುದೂ ಬಾಯಿಗೆ ಬೇಡ. ಹಾಸಿಗೆ ಪಕ್ಕದ ತಪಾಸಣೆ ಆದಷ್ಟು ಬೇಗ ಆಗಲಿ. ಫೇಲ್ ಆದರೆ ಎಕ್ಸ್‌ರೇ ವಿಡಿಯೋ ಅಥವಾ ಫೀಸ್. ಬಹಳ ಜನರಲ್ಲಿ ಮೊದಲ ಕೆಲವು ವಾರಗಳಲ್ಲೇ ನುಂಗುವುದು ಸುಧಾರಿಸುತ್ತದೆ. ಅದಕ್ಕೇ ಮರುಪರೀಕ್ಷೆ ಯಾವಾಗ ಎಂದು ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ.

ಪಾರ್ಕಿನ್ಸನ್ ಇರುವವರು "ನಂಗೇನೂ ತೊಂದರೆ ಇಲ್ಲ" ಎಂದೇ ಹೇಳುತ್ತಾರೆ, ಒಳಗೆ ಸದ್ದಿಲ್ಲದೆ ಸೋರುತ್ತಿರುತ್ತದೆ. ಇವರಿಗೆ ಯಂತ್ರದ ಪರೀಕ್ಷೆ ಬೇಗ ಮಾಡಿಸಿ. ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿದೆ ಎಂದು ಪರೀಕ್ಷೆ ಮಾಡುವವರಿಗೆ ಹೇಳಿ. ಮಾತ್ರೆಯ ಪ್ರಭಾವ ಇದ್ದಾಗ ಮತ್ತು ಇಳಿದಾಗ ನುಂಗುವುದು ಬೇರೆ ಬೇರೆ ಇರಬಹುದು.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ತೆಗೆದುಕೊಳ್ಳುವವರ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ತಂಬಾಕು, ಗುಟ್ಕಾ ಇರುವ ನಮ್ಮಲ್ಲಿ ಇಂಥವರು ಕಡಿಮೆಯಲ್ಲ. ಚಿಕಿತ್ಸೆ ಶುರುವಾಗುವ ಮೊದಲೇ ಒಮ್ಮೆ ನುಂಗುವ ಪರೀಕ್ಷೆ ಆಗಬೇಕು. ಮುಂದೆ ಹೋಲಿಸಲು ಅದೇ ಆಧಾರ. ರೇಡಿಯೇಷನ್‌ನಿಂದ ಗಂಟಲಿನ ಅಂಗಾಂಶ ಗಟ್ಟಿಯಾಗುವುದು ವರ್ಷಗಳ ನಂತರವೂ ಮುಂದುವರಿಯಬಹುದು. "ಕ್ಯಾನ್ಸರ್ ವಾಸಿಯಾಗಿ ಐದು ವರ್ಷ ಆಯಿತು, ಈಗ ಯಾಕೆ ಕೆಮ್ಮು?" ಎಂದರೆ ಕಾರಣ ಇದೂ ಇರಬಹುದು. ಇವರಿಗೆ ಎರಡೂ ಪರೀಕ್ಷೆ ಬೇಕಾಗುವುದುಂಟು.

ಮರೆಗುಳಿ ಕಾಯಿಲೆ ಕೊನೆಯ ಹಂತಕ್ಕೆ ಬಂದ ಹಿರಿಯರಿಗೆ ಮಾತ್ರ ಬೇರೆ ಪ್ರಶ್ನೆ ಕೇಳಿಕೊಳ್ಳಿ: ಫಲಿತಾಂಶ ಏನೇ ಬಂದರೂ ನಾವು ಮಾಡುವುದು ಬದಲಾಗುತ್ತದಾ? ಇಲ್ಲ ಎಂದಾದರೆ, ಮೂಗಿಗೆ ಕ್ಯಾಮೆರಾ ಹಾಕಿ ಹಿಂಸೆ ಕೊಡುವ ಬದಲು, ನೆಟ್ಟಗೆ ಕೂರಿಸಿ, ಎಚ್ಚರ ಇದ್ದಾಗ, ನಿಧಾನವಾಗಿ, ಅವರಿಗೆ ಇಷ್ಟವಾದದ್ದನ್ನು ಎಷ್ಟು ಸೇರುತ್ತದೋ ಅಷ್ಟು ತಿನ್ನಿಸುವುದು ಸರಿಯಾದ ನಿರ್ಧಾರವೇ. ವೈದ್ಯರ ಜೊತೆ ಬಾಯಿಬಿಟ್ಟು ಮಾತನಾಡಿ.

ಎಲ್ಲಿ, ಮತ್ತು ರಿಪೋರ್ಟ್‌ನಲ್ಲಿ ಏನು ನೋಡಬೇಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಮಂಗಳೂರು ಮತ್ತು ಮಣಿಪಾಲದ ವೈದ್ಯಕೀಯ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಸ್ಪೀಚ್ ಥೆರಪಿಗೆ ಹೆಸರಾದವು. ಹೋಗುವ ಮೊದಲು ಫೋನ್ ಮಾಡಿ, ನಿಮಗೆ ಬೇಕಾದ ಪರೀಕ್ಷೆ ಇದೆಯಾ, ಯಾವ ದಿನ, ವೈದ್ಯರ ಚೀಟಿ ಬೇಕಾ ಎಂದು ಕೇಳಿ. ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು.

ರಿಪೋರ್ಟ್‌ನಲ್ಲಿ 1ರಿಂದ 8ರವರೆಗಿನ ಒಂದು ಅಂಕ ಇರಬಹುದು. ಇದು 1996ರಲ್ಲಿ ರೋಸೆನ್‌ಬೆಕ್ ತಂಡ ರೂಪಿಸಿದ ಅಳತೆ. 1 ಎಂದರೆ ಶ್ವಾಸದ ದಾರಿಗೆ ಏನೂ ಹೋಗಿಲ್ಲ. 8 ಎಂದರೆ ಧ್ವನಿತಂತುಗಳ ಕೆಳಗೆ ಇಳಿದಿದೆ, ಹೊರಹಾಕುವ ಪ್ರಯತ್ನವೂ ಆಗಿಲ್ಲ. ಅಂಕ ಒಂದೇ ಇದ್ದರೆ ಸಾಲದು. ಯಾವ ಪದಾರ್ಥದಲ್ಲಿ, ಎಷ್ಟು ಗುಟುಕಿಗೆ, ಯಾವ ಭಂಗಿಯಲ್ಲಿ ಕಡಿಮೆಯಾಯಿತು ಎಂಬುದನ್ನೂ ಬರೆದುಕೊಡಲು ಕೇಳಿ. "ಗಟ್ಟಿ ದ್ರವ ಕೊಡಿ" ಎಂಬ ಒಂದು ಸಾಲು ಮನೆಯಲ್ಲಿ ಅಡುಗೆ ಮಾಡುವವರಿಗೆ ಏನನ್ನೂ ಹೇಳುವುದಿಲ್ಲ.

ಇದಕ್ಕಾಗಿಯೇ 0ರಿಂದ 7ರವರೆಗಿನ ಅಂತಾರಾಷ್ಟ್ರೀಯ ಅಳತೆ ಇದೆ, ಐಡಿಡಿಎಸ್‌ಐ ಎಂದು. ಅದರಲ್ಲಿ ದ್ರವದ ಗಟ್ಟಿತನವನ್ನು 10 ಮಿಲಿ ಸಿರಿಂಜಿನಿಂದ ಅಳೆಯಬಹುದು. ತುಂಬಿಸಿ 10 ಸೆಕೆಂಡ್ ಹರಿಯಲು ಬಿಟ್ಟಾಗ 1ರಿಂದ 4 ಮಿಲಿ ಉಳಿದರೆ ಹಂತ 1, 4ರಿಂದ 8 ಮಿಲಿ ಉಳಿದರೆ ಹಂತ 2. ಎಲ್ಲ ಸಿರಿಂಜಿನ ಅಳತೆ ಒಂದೇ ಅಲ್ಲ, ಹಾಗಾಗಿ ಸರಿಯಾದದ್ದನ್ನು ಥೆರಪಿಸ್ಟ್ ಹತ್ತಿರವೇ ಕೇಳಿ ತನ್ನಿ. ರಾಗಿ ಅಂಬಲಿ ಬಿಸಿ ಇದ್ದಾಗ ಒಂದು ಹದ, ಆರಿದ ಮೇಲೆ ಇನ್ನೊಂದು. ತಿನ್ನಿಸುವ ಹೊತ್ತಿನ ಹದವನ್ನೇ ಅಳೆಯಿರಿ. ಪರೀಕ್ಷೆಗೆ ಹೋಗುವಾಗ ರೋಗಿ ದಿನಾ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಕಟ್ಟಿಸಿದ ಹಲ್ಲು, ಕನ್ನಡಕ, ಮನೆಯ ಚಮಚ ಮತ್ತು ಲೋಟ ಜೊತೆಗಿರಲಿ. ಮಾತ್ರೆ ನುಂಗಲು ಕಷ್ಟವಾಗುತ್ತಿದ್ದರೆ ಅದನ್ನೂ ಪರೀಕ್ಷೆಯ ಹೊತ್ತಿಗೇ ಹೇಳಿ. ಕೆಲವು ಮಾತ್ರೆಗಳನ್ನು ಪುಡಿ ಮಾಡಬಾರದು, ಅವುಗಳ ಬದಲಿಗೆ ಸಿರಪ್ ಇದೆಯಾ ಎಂದು ಅಲ್ಲೇ ಬರೆಸಿಕೊಂಡು ಬರಬಹುದು.